ಗಂಜಾಂನಿಂದ ಸ್ಯಾಂ ರೆಮೇಜ್‌ಗೆ: ಫ್ರಾನ್ಸಿನ ಒಂದು ಉಚಿತ ನಕ್ಷೆ ಸೇವೆಯ ವಿಮರ್ಶೆ

ಫ್ರಾನ್ಸಿನ ರಾಷ್ಟ್ರೀಯ ಭೂಮಾಪನ ಸಂಸ್ಥೆಯಾದ ಐಜಿಎನ್ ‘ರಮೋಂತೆ ಲ ತಾಂ’ ಎಂಬ ಅಂತರ್ಜಾಲ ಸೇವೆಯೊಂದನ್ನು ನಡೆಸುತ್ತಿದೆ. ಆ ದೇಶದ ಯಾವುದೇ ಊರಿನ ಹಳೆಯ ನಕ್ಷೆ, ಈಗಿನ ನಕ್ಷೆ, ಎಪ್ಪತ್ತು ವರ್ಷಗಳ ಹಿಂದಿನ ವಿಮಾನಚಿತ್ರ, ಇತ್ತೀಚಿನ ವಿಮಾನಚಿತ್ರ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಇದರಲ್ಲಿ ಸಾಧ್ಯ. ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಯಾವ ದೇಶದಿಂದ ನೋಡುತ್ತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಮೈಸೂರಿನಲ್ಲಿ ಕುಳಿತು ನಾನು ಇದನ್ನು ಒಂದೇ ಒಂದು ಹಳ್ಳಿಯನ್ನು ಅರಿಯುವುದಕ್ಕಾಗಿ ಬಹುಕಾಲದಿಂದ ಬಳಸುತ್ತಿದ್ದೇನೆ. ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯುಳ್ಳ ನಮ್ಮ ಕಡೆಯ ಓದುಗರಿಗೆ, ಭೂಗೋಳ ಕಲಿಸುವ ಮೇಷ್ಟರುಗಳಿಗೆ, ಊರಿನ ಚರಿತ್ರೆ ಬರೆಯಲು ಹೊರಟವರಿಗೆ ಇದು ಏಕೆ ಉಪಯುಕ್ತ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಆ ಹಳ್ಳಿಯ ಮೂಲಕವೇ ಹೇಳುವುದು ಸರಿಯೆಂದು ತೋರುತ್ತದೆ.

ಹಳ್ಳಿಯ ಹೆಸರು ಸ್ಯಾಂ ರೆಮೇಜ್. ದಕ್ಷಿಣ ಫ್ರಾನ್ಸಿನ ಆರ್ದೆಶ್ ಜಿಲ್ಲೆಯಲ್ಲಿ, ಆರ್ದೆಶ್ ನದಿಯ ಆಳವಾದ ಕಮರಿಯ ಉತ್ತರಕ್ಕೆ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲಿರುವ ಈ ಕಮ್ಯೂನಿನ, ಅಂದರೆ ಊರಮಟ್ಟದ ಆಡಳಿತ ಘಟಕದ, ಜನಸಂಖ್ಯೆ ಸಾವಿರದ ಆಸುಪಾಸು. ಫ್ರಾನ್ಸಿನಲ್ಲಿ ಇಂತಹ ಊರು ಸಾವಿರಾರು ಇವೆ. ಅವುಗಳ ನಡುವೆ ಇದನ್ನೇ ಆರಿಸಿಕೊಳ್ಳಲು ಕಾರಣ ಗಂಜಾಂ. ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿ, ಗುಂಬಜ್ ಮತ್ತು ಸಂಗಮಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲಿ ಒಂದು ಹಳೆಯ ಚರ್ಚು ಇದೆ. ಅದನ್ನು ಜನ ಇಂದಿಗೂ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದ ಈ ಪಾದ್ರಿ 1823ರವರೆಗೆ ಇಲ್ಲಿಯೇ ಉಳಿದರು. ನಮ್ಮವರಂತೆ ಉಡುಗೆ ತೊಟ್ಟು, ನಮ್ಮವರಂತೆ ಉಂಡು ಬಾಳಿದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಮುಂದೆ ನಿಂತರು, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ರೈತರನ್ನು ನೆಲೆಗೊಳಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ದಕ್ಷಿಣ ಭಾರತದ ಆಚಾರವಿಚಾರಗಳ ಬಗ್ಗೆ ಅವರು ಬರೆದದ್ದನ್ನು ಇಂಗ್ಲಿಷ್ ಕಂಪನಿ ಕೊಂಡುಕೊಂಡು 1816ರಲ್ಲಿ ಪ್ರಕಟಿಸಿತು. ಅದರ ಬಹುಪಾಲು ತಮಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದ್ವಾಂಸೆ 1987ರಲ್ಲಿ ವಿವರವಾಗಿ ತೋರಿಸಿದ್ದಾರೆ. ಗ್ರಂಥದ ಬೆಲೆಯನ್ನು ಆ ಶೋಧ ತಗ್ಗಿಸಿರಬಹುದು, ಮೈಸೂರು ಸೀಮೆಯಲ್ಲಿ ಅವರು ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳ ದುಡಿಮೆಯನ್ನಲ್ಲ.

ಈ ದೊಡ್ಡ ಸ್ವಾಮಿಯವರಿಗೆ 1766ರ ಜನವರಿ 10ರಂದು ದೀಕ್ಷಾಸ್ನಾನವಾದದ್ದು ಸ್ಯಾಂ ರೆಮೇಜಿನಲ್ಲಿ. ನಮ್ಮಲ್ಲಿ ಅವರ ಬಗ್ಗೆ ಬರೆದವರೆಲ್ಲ ಅವರು ಬಂದ ಮೇಲಿನ ಕಥೆಯನ್ನು ಹೇಳುತ್ತಾರೆಯೇ ಹೊರತು, ಎಂಥ ನೆಲದಿಂದ ಎದ್ದು ಬಂದರೆಂದು ಹೇಳುವುದಿಲ್ಲ. ಆ ನೆಲವನ್ನು ಕಾಣಬೇಕೆಂಬ ಆಸೆಗೆ ಇಲ್ಲಿಯವರೆಗೆ ನನಗೆ ದೊರೆತಿರುವ ಅತ್ಯುತ್ತಮ ಸಾಧನ ಈ ನಕ್ಷೆ ಸೇವೆ.

ಬಳಕೆಯ ಕ್ರಮ ಸರಳವಾಗಿದೆ. ಹುಡುಕುವ ಚೌಕದಲ್ಲಿ ಊರಿನ ಹೆಸರು ಬರೆದರೆ ಪರದೆಯ ಮೇಲೆ ಒಂದರ ಮೇಲೊಂದು ಎರಡು ನಕ್ಷೆಗಳು ಹರಡಿಕೊಳ್ಳುತ್ತವೆ, ನಡುವೆ ಒಂದು ಲಂಬಗೆರೆ ನಿಲ್ಲುತ್ತದೆ. ಗೆರೆಯನ್ನು ಎಡಕ್ಕೆ ಎಳೆದರೆ ಒಂದು ಕಾಲ, ಬಲಕ್ಕೆ ಎಳೆದರೆ ಇನ್ನೊಂದು ಕಾಲ. ಎರಡೂ ಬದಿಗೆ ಯಾವ ನಕ್ಷೆ ಬೇಕೆಂದು ಪಟ್ಟಿಯಿಂದ ನಾವೇ ಆರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಹದಿನೆಂಟನೆಯ ಶತಮಾನದ ಕಸ್ಸಿನಿ ನಕ್ಷೆ, 1820ರಿಂದ 1866ರ ನಡುವೆ ಸೈನ್ಯದ ಅಧಿಕಾರಿಗಳು ತಯಾರಿಸಿದ ನಕ್ಷೆ, 1950ರ ಹೊತ್ತಿನ ನಕ್ಷೆ, 1950ರಿಂದ 1965ರ ನಡುವಿನ ವಿಮಾನಚಿತ್ರಗಳು ಮತ್ತು ಈಗಿನ ನಕ್ಷೆ ಹಾಗೂ ಚಿತ್ರಗಳು ಇವೆ. ಬೇರೊಂದು ಪುಟದಲ್ಲಿ 1919ರಿಂದೀಚೆಗೆ ಯಾವ ಯಾವ ವರ್ಷ ವಿಮಾನ ಆ ಊರಿನ ಮೇಲೆ ಹಾರಿ ಚಿತ್ರ ತೆಗೆದಿದೆ ಎಂಬ ಪಟ್ಟಿ ದೊರೆಯುತ್ತದೆ. ಬೇಕಾದ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಇಳಿಸಿಕೊಳ್ಳಬಹುದು.

ನಾನು ಎಲ್ಲರಿಗೂ ಮೊದಲು ತೆರೆಯಿರೆಂದು ಹೇಳುವುದು ಕಸ್ಸಿನಿ ನಕ್ಷೆಯನ್ನು. ದೊರೆ ಹದಿನೈದನೆಯ ಲೂಯಿಯ ಇಚ್ಛೆಯಂತೆ ಸೆಸಾರ್ ಫ್ರಾನ್ಸ್ವಾ ಕಸ್ಸಿನಿ ಆರಂಭಿಸಿದ ಈ ಕೆಲಸಕ್ಕೆ 1756ರಲ್ಲಿ ಬೊಕ್ಕಸದಿಂದ ಹಣ ನಿಂತುಹೋಯಿತು. ಆತ ಪಾಲುದಾರರನ್ನು ಸೇರಿಸಿ ಕಂಪನಿ ಕಟ್ಟಿ ಮುಂದುವರಿಸಿದ, ಮಹಾಕ್ರಾಂತಿಯ ಕಾಲದಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ಇಡೀ ದೇಶವನ್ನು ತ್ರಿಕೋನಗಳ ಜಾಲದಿಂದ ಅಳೆದು ಒಂದೇ ಅಳತೆಯಲ್ಲಿ, ಅಂದರೆ 86,400ಕ್ಕೆ ಒಂದರಂತೆ, ಬಿಡಿಸಿದ ಮೊದಲ ದೊಡ್ಡ ನಕ್ಷೆ ಇದು. ಪಾದ್ರಿಯಿರುವ ಪ್ರತಿ ಊರಿಗೂ ಒಂದು ಪುಟ್ಟ ಗಂಟೆಗೋಪುರದ ಚಿಹ್ನೆ, ಗಾಳಿಗಿರಣಿಗೆ ಒಂದು ಚಿಹ್ನೆ, ಕಾಡಿಗೆ ಮರಗಳ ಗುಂಪು. ದುಬ್ವಾ ಹುಡುಗನಾಗಿ ಓಡಾಡಿದ ಕಾಲದ ಸೀಮೆ ಹೀಗೆ ಕಣ್ಣಮುಂದೆ ಬರುತ್ತದೆ. ಇದೇ ತ್ರಿಕೋನಮಾಪನ ವಿದ್ಯೆ ಕೆಲವೇ ದಶಕಗಳ ಬಳಿಕ ನಮ್ಮಲ್ಲಿಗೂ ಬಂತು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಆಧಾರರೇಖೆಯನ್ನು ಅಳೆದದ್ದು, ಅದೇ ಕಾಲಕ್ಕೆ ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಮೋಜಣಿಗೆ ಕೈಹಾಕಿ ಸುಮಾರು ಒಂದು ದಶಕ ನಡೆಸಿದ್ದು ಚರಿತ್ರೆ ಓದಿದವರಿಗೆ ಗೊತ್ತಿರುವ ಸಂಗತಿ. ದುಬ್ವಾ ಗಂಜಾಂನಲ್ಲಿ ನೆಲೆನಿಂತ ವರ್ಷಗಳೂ ಅವೇ. ಹುಟ್ಟೂರೂ ಬಾಳಿದ ಊರೂ ಒಬ್ಬನೇ ಮನುಷ್ಯನ ಆಯುಷ್ಯದೊಳಗೆ ಆಧುನಿಕ ಅಳತೆಗೆ ಒಳಪಟ್ಟವು. ಆದರೆ ಒಂದರ ನಕ್ಷೆ ಇಂದು ಯಾರ ಬೆರಳಿಗಾದರೂ ಸಿಗುತ್ತದೆ. ಇನ್ನೊಂದರ ಮೂಲಪ್ರತಿಗಳಲ್ಲಿ ಬಹಳಷ್ಟು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕಸ್ಸಿನಿ ನಕ್ಷೆಯಲ್ಲಿ ಊರುಗಳ ಸ್ಥಾನ ನಂಬಿಕೆಗೆ ಅರ್ಹವಾಗಿದ್ದರೂ, ನೆಲದ ಏರಿಳಿತ ಅಷ್ಟಕ್ಕಷ್ಟೆ. ಈ ಊರಿನ ಸ್ವಭಾವ ತಿಳಿಯಬೇಕಾದರೆ ಈಗಿನ ಐಜಿಎನ್ ನಕ್ಷೆಗೆ ಬರಬೇಕು. ಸಮಾನ ಎತ್ತರದ ಗೆರೆಗಳು, ಬಂಡೆಯ ನೆರಳು, ಕಾಡಿನ ಹಸಿರು, ಕಾಲುದಾರಿಯ ತುಂಡುಗೆರೆ ಎಲ್ಲವೂ ಅದರಲ್ಲಿ ಅಚ್ಚುಕಟ್ಟು. ಸ್ಯಾಂ ರೆಮೇಜಿನ ಸುತ್ತ ಕಣ್ಣಾಡಿಸಿದರೆ ಮೊದಲು ಗಮನಕ್ಕೆ ಬರುವುದು ನೀಲಿ ಬಣ್ಣದ ಅಭಾವ. ಇಷ್ಟು ವಿಶಾಲವಾದ ಪ್ರಸ್ಥಭೂಮಿಯಲ್ಲಿ ಹರಿಯುವ ಹಳ್ಳವೇ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮಂಡ್ಯ ಸೀಮೆಯ ಯಾವ ನಕ್ಷೆಯನ್ನು ತೆಗೆದರೂ ಕೆರೆ, ಕಟ್ಟೆ, ನಾಲೆ, ಉಪನಾಲೆಗಳ ನೀಲಿ ಕಣ್ಣಿಗೆ ಹೊಡೆಯುತ್ತದೆ. ಕಗ್ಗಲ್ಲಿನ ಗಟ್ಟಿ ನೆಲದ ಮೇಲೆ ಬಿದ್ದ ಮಳೆ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದಲೇ ನಮ್ಮ ಹಿರಿಯರು ಏರಿ ಕಟ್ಟಿ ಕೆರೆ ಮಾಡಿಕೊಂಡರು. ಅಲ್ಲಿಯದು ಕ್ರಿಟೇಷಿಯಸ್ ಯುಗದ ಸುಣ್ಣಕಲ್ಲು. ಮಳೆನೀರಿನಲ್ಲಿ ಕರಗಿರುವ ಇಂಗಾಲಾಮ್ಲ ಆ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ, ಬಿರುಕುಗಳು ಬಾವಿಗಳಾಗುತ್ತವೆ, ಬಾವಿಗಳು ಗುಹೆಗಳಾಗುತ್ತವೆ, ಬಿದ್ದ ನೀರೆಲ್ಲ ನೆಲದೊಳಗೆ ಇಳಿದುಹೋಗಿ ಎಲ್ಲೋ ಕೆಳಗೆ ನದಿಯ ದಡದಲ್ಲಿ ಒರತೆಯಾಗಿ ಹೊರಡುತ್ತದೆ. ಮೇಲೆ ವಾಸಿಸುವ ಜನ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಬಾಳಬೇಕಾಗಿತ್ತು. ಕೆರೆ ಕಟ್ಟಿದರೂ ನೀರು ನಿಲ್ಲದ ನೆಲವಿದು ಎಂಬುದನ್ನು ನಕ್ಷೆ ಒಂದು ಮಾತೂ ಇಲ್ಲದೆ ಹೇಳುತ್ತದೆ. ಇದೇ ಪಾಠವನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೀಗೆ ಕಂಡುಕೊಂಡದ್ದು ನನ್ನಲ್ಲಿ ಆಳವಾಗಿ ಕುಳಿತಿದೆ.

ನೆಲದೊಳಗಿನ ಬಾವಿಗಳನ್ನು ನಕ್ಷೆ ಹೆಸರು ಸಮೇತ ಗುರುತಿಸುತ್ತದೆ. ಊರಿನ ಆವೆನ್ ಮಾರ್ಜಾಲ್ ಎಂಬ ಗುಹೆಬಾವಿ ಅವುಗಳಲ್ಲಿ ಪ್ರಸಿದ್ಧ. 1812ರಲ್ಲಿ ಊರಿನ ಹೊಲಗಾವಲಿನವನೊಬ್ಬನನ್ನು ಕೊಂದು ಅವನ ನಾಯಿಯ ಸಮೇತ ಅದರೊಳಗೆ ಎಸೆದರೆಂದೂ, ಅವನ ಅಡ್ಡಹೆಸರೇ ಗುಹೆಗೆ ಉಳಿಯಿತೆಂದೂ ಊರವರು ಹೇಳುತ್ತಾರೆ. ಗುಹಾಶೋಧನೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದ ಎದುವಾರ್ ಅಲ್ಫ್ರೆದ್ ಮಾರ್ತೆಲ್ 1892ರಲ್ಲಿ ಇಲ್ಲಿ ಇಳಿದು ನೋಡಿದ. ಬಳಿಕ ಬಾಯಿ ಎಲ್ಲಿತ್ತೆಂಬುದೇ ಮರೆತುಹೋಗಿ 1949ರಲ್ಲಿ ಮತ್ತೆ ಪತ್ತೆಯಾಯಿತು. ಕಮರಿಯ ಅಂಚಿನಲ್ಲಿರುವ ಮದ್ಲೆನ್ ಗುಹೆಯೂ ಇದೇ ಕಮ್ಯೂನಿಗೆ ಸೇರಿದ್ದು. ಸುಮಾರು ಮೂವತ್ತು ಕಿಲೋಮೀಟರ್ ಉದ್ದದ ಈ ಕಮರಿಯ ಗೋಡೆಗಳು ಕೆಲವೆಡೆ ಮುನ್ನೂರು ಮೀಟರ್ ಎತ್ತರಕ್ಕೆ ಏಳುತ್ತವೆ; ಅಲ್ಲಿ ಎತ್ತರದ ಗೆರೆಗಳು ಒಂದನ್ನೊಂದು ಮುಟ್ಟುವಷ್ಟು ಒತ್ತಾಗಿ ಕಂದುಬಣ್ಣದ ಪಟ್ಟಿಯಾಗಿಬಿಡುತ್ತವೆ. ಕಮರಿಯ ಮೇಲ್ತುದಿಯಲ್ಲಿ, ನೆರೆಯ ವಲ್ಲೋಂ ಪೋಂ ದಾರ್ಕ್ ಕಮ್ಯೂನಿನಲ್ಲಿ, ನದಿಯೇ ಬಂಡೆಯನ್ನು ಕೊರೆದು ಮಾಡಿದ ಐವತ್ತು ಮೀಟರಿಗಿಂತ ಎತ್ತರದ ಕಲ್ಲುಕಮಾನು ಇದೆ. ಅದರ ಹತ್ತಿರದಲ್ಲೇ 1994ರ ಡಿಸೆಂಬರಿನಲ್ಲಿ ಶೋವೆ ಗುಹೆ ಪತ್ತೆಯಾಯಿತು. ಮೂವತ್ತಾರು ಸಾವಿರ ವರ್ಷಗಳಷ್ಟು ಹಿಂದಿನ ಸಿಂಹ, ಕುದುರೆ, ಖಡ್ಗಮೃಗಗಳ ಚಿತ್ರಗಳಿರುವ ಆ ಗುಹೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ; 2015ರಲ್ಲಿ ತೆರೆದ ಪ್ರತಿಕೃತಿಯನ್ನು ಮಾತ್ರ ನೋಡಬಹುದು.

ಎತ್ತರದ ಅಂಕಿಗಳನ್ನು ಓದುವಾಗ ನಮ್ಮವರಿಗೆ ಒಂದು ಸಂಗತಿ ಅಚ್ಚರಿ ತರಬಹುದು. ಊರಿನ ಉತ್ತರಕ್ಕೆ ಸುತ್ತಲಿನ ಸೀಮೆಗೆಲ್ಲ ಎತ್ತರವಾಗಿ ನಿಂತಿರುವ ದಾಂ ದ ರೇ ಶಿಖರದ ಎತ್ತರ 719 ಮೀಟರ್. ಮೈಸೂರು ನಗರವೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅವರ ಬೆಟ್ಟದ ತುದಿ ನಮ್ಮ ಬೀದಿಗಿಂತ ಕೆಳಗೆ. ಆದರೂ ಆ ಸೀಮೆ ನಕ್ಷೆಯಲ್ಲಿ ನಮ್ಮದಕ್ಕಿಂತ ಎಷ್ಟೋ ಒರಟಾಗಿ, ಕಡಿದಾಗಿ ಕಾಣುವುದು ನದಿ ಆಳವಾಗಿ ಕೊರೆದಿರುವುದರಿಂದ.

ಸೈನ್ಯದ ನಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಹಸ್ತಪ್ರತಿಗಳನ್ನೇ ಇಲ್ಲಿ ಹಾಕಿರುವುದರಿಂದ ನೋಡಲು ಸೊಗಸಾಗಿದೆ, ಇಳಿಜಾರನ್ನು ತೋರಿಸುವ ಒತ್ತೊತ್ತಾದ ಗೀಟುಗಳ ನಡುವೆ ಹೆಸರು ಓದುವುದು ಕಣ್ಣಿಗೆ ಶ್ರಮ. ಅದಕ್ಕಿಂತ 1950ರ ನಕ್ಷೆ ಪ್ರಯೋಜನಕಾರಿ. ಅದನ್ನು ಒಂದು ಬದಿಗೂ ಈಗಿನದನ್ನು ಇನ್ನೊಂದು ಬದಿಗೂ ಇಟ್ಟು ನಡುವಿನ ಗೆರೆಯನ್ನು ಕಮರಿಯ ಮೇಲೆ ಎಳೆದರೆ, ಕಮರಿಯ ಅಂಚಿನಲ್ಲಿ ಬಳಸಿ ಬಳಸಿ ಸಾಗುವ ಪ್ರವಾಸಿ ರಸ್ತೆ ಒಂದೆಡೆ ಇದೆ, ಇನ್ನೊಂದೆಡೆ ಇಲ್ಲ. 1960ರ ದಶಕದಲ್ಲಿ ಆ ರಸ್ತೆ ಬಂದ ಬಳಿಕ ಪ್ರವಾಸಿಗರು ಬಂದರು. ದ್ರಾಕ್ಷಿ, ಲ್ಯಾವೆಂಡರ್, ಆಡು ಸಾಕಣೆ ಇವುಗಳ ಜೊತೆಗೆ ಬಿಡಾರ, ದೋಣಿ, ಗುಹೆ ವೀಕ್ಷಣೆಗಳೂ ಆ ಭಾಗದವರ ಜೀವನೋಪಾಯವಾದವು. ಕಮರಿಯನ್ನು 1980ರಲ್ಲಿ ರಾಷ್ಟ್ರೀಯ ಪ್ರಕೃತಿ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದರ ಗಡಿಯೂ ಈಗಿನ ನಕ್ಷೆಯಲ್ಲಿ ಸ್ಪಷ್ಟವಾಗಿದೆ.

ನನ್ನ ಮಟ್ಟಿಗೆ ಈ ಸೇವೆಯ ನಿಜವಾದ ಬೆಲೆ ಗೊತ್ತಾದದ್ದು ವಿಮಾನಚಿತ್ರಗಳಲ್ಲಿ, ಅದಕ್ಕೆ ಕಾರಣ ರೇಷ್ಮೆ. ಆರ್ದೆಶ್ ಜಿಲ್ಲೆ ಒಂದು ಕಾಲಕ್ಕೆ ಫ್ರಾನ್ಸಿನ ರೇಷ್ಮೆಯ ತವರುಗಳಲ್ಲಿ ಒಂದಾಗಿತ್ತು. ಹಿಪ್ಪುನೇರಳೆಯನ್ನು ದೇಶದಲ್ಲೆಲ್ಲ ಹಬ್ಬಿಸಬೇಕೆಂದು ದೊರೆ ನಾಲ್ಕನೆಯ ಹೆನ್ರಿಯ ಮುಂದೆ ವಾದಿಸಿದ ಕೃಷಿವಿದ್ವಾಂಸ ಒಲಿವಿಯೆ ದ ಸೆರ್ ಈ ಜಿಲ್ಲೆಯ ವಿಲ್‌ನೆವ್ ದ ಬೆರ್ ಎಂಬ ಊರಿನವನು. ಹುಳು ಸಾಕಲೆಂದೇ ಕಟ್ಟಿದ, ಮೂಲೆಮೂಲೆಗೆ ಒಲೆಯಿಟ್ಟು ಬೆಚ್ಚಗಿಡುತ್ತಿದ್ದ ಎತ್ತರದ ಹುಳುಮನೆಗಳು ಆ ಸೀಮೆಯ ಕಲ್ಲಿನ ಮನೆಗಳಲ್ಲಿ ಈಗಲೂ ಗುರುತು ಸಿಗುತ್ತವೆ. 1853ರಲ್ಲಿ ಫ್ರಾನ್ಸಿನಲ್ಲಿ ಇಪ್ಪತ್ತಾರು ಸಾವಿರ ಟನ್ ಗೂಡು ಬೆಳೆದಿತ್ತು. 1865ರ ಹೊತ್ತಿಗೆ ಅದು ನಾಲ್ಕು ಸಾವಿರ ಟನ್ನಿಗೆ ಕುಸಿಯಿತು. ಕಾರಣ ನಮ್ಮ ರೈತರು ಗಂಟು ರೋಗ ಎನ್ನುವ ಪೆಬ್ರಿನ್. ಆಗ ಲೂಯಿ ಪಾಶ್ಚರ್ ನೆರೆಯ ಗಾರ್ ಜಿಲ್ಲೆಯ ಅಲೆಸ್ ಪಟ್ಟಣಕ್ಕೆ ಬಂದು ವರ್ಷಗಟ್ಟಲೆ ಹುಳುವಿನ ಜೊತೆ ಕಳೆದು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ರೂಢಿಗೆ ತಂದ. ರೋಗಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ನಾಶಮಾಡಬೇಕು, ಕಾಣದಿದ್ದರೆ ಸಾಕಲು ಕೊಡಬಹುದು. ಮೈಸೂರು, ಮಂಡ್ಯ, ರಾಮನಗರದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವ ತಾಯಿಚಿಟ್ಟೆ ಪರೀಕ್ಷೆಯ ಮೂಲ ಅದೇ. ನಮ್ಮ ರೈತ ರೋಗವಿಲ್ಲದ ಮೊಟ್ಟೆ ಎಂದು ನಂಬಿ ಮನೆಗೆ ತರುವ ಪ್ರತಿ ಹಾಳೆಯ ಹಿಂದೆ ಆ ಸೀಮೆಯ ರೈತರ ಕಷ್ಟವಿದೆ.

ಮದ್ದೂರಿನ ಕಡೆ ರೇಷ್ಮೆ ಬೆಳೆಯುವ ನನ್ನ ಚಿಕ್ಕಪ್ಪನಿಗೆ 1950ರ ದಶಕದ ವಿಮಾನಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ. ಬಿಳಿಚು ಹೊಲಗಳ ಅಂಚಿನಲ್ಲಿ ಸಾಲುಸಾಲಾಗಿ ಕಪ್ಪು ಚುಕ್ಕೆಗಳು, ಪ್ರತಿ ಚುಕ್ಕೆಗೂ ಒಂದೇ ದಿಕ್ಕಿಗೆ ಚಾಚಿದ ಪುಟ್ಟ ನೆರಳು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, “ಇದು ನಮ್ ಥರ ಕಡ್ಡಿ ತೋಟ ಅಲ್ಲ ಕಣಪ್ಪ, ಮರದ ಸಾಲು. ಅಂಚಿಗೆ ಮರ ಹಾಕಿ ಮಧ್ಯೆ ಬೇರೆ ಬೆಳೆ ತಕ್ಕೊಂಡವ್ರೆ” ಎಂದರು. ಹಿಪ್ಪುನೇರಳೆಯನ್ನು ಅಲ್ಲಿ ಮರವಾಗಿಯೇ ಬೆಳೆಸುತ್ತಿದ್ದರೆಂಬುದು ನಿಜ. ನಮ್ಮಲ್ಲೂ ಈಗ ಹಲವರು ಮರಪದ್ಧತಿಗೆ ತಿರುಗಿದ್ದಾರೆ. ಆದರೆ ಆ ಚುಕ್ಕೆಗಳು ಹಿಪ್ಪುನೇರಳೆಯೋ ಬಾದಾಮಿಯೋ ಆಲಿವ್ ಮರವೋ ಎಂದು ಚಿತ್ರವೊಂದರಿಂದಲೇ ತೀರ್ಮಾನಿಸಲಾಗದು. ಕಪ್ಪುಬಿಳುಪಿನ ವಿಮಾನಚಿತ್ರ ಮರವಿದೆ ಎಂದು ಹೇಳುತ್ತದೆ, ಯಾವ ಮರವೆಂದು ಹೇಳುವುದಿಲ್ಲ. ಈ ಸೇವೆಯನ್ನು ಬಳಸಿ ಊರಿನ ಚರಿತ್ರೆ ಬರೆಯುವವರು ಮೊದಲು ಕಲಿಯಬೇಕಾದ ಸಂಯಮ ಇದು. ಖಚಿತವಾಗಿ ಹೇಳಬಹುದಾದದ್ದು ಬೇರೊಂದಿದೆ. ಅದೇ ಜಾಗದ ಈಗಿನ ಚಿತ್ರವನ್ನು ಪಕ್ಕಕ್ಕಿಟ್ಟರೆ, ಊರಿನ ಸುತ್ತಲಿನ ಬಯಲಿನಲ್ಲಿ ದ್ರಾಕ್ಷಿ ಮತ್ತು ಲ್ಯಾವೆಂಡರಿನ ಬಾಚಿದಂಥ ಗೆರೆಗಳು ಉಳಿದಿವೆ, ಕಮರಿಯ ಕಡೆಗೆ ಹೋದಂತೆಲ್ಲ ಆಗ ಕಲ್ಲು ಕಾಣುತ್ತಿದ್ದ ಮೇವಿನ ನೆಲವನ್ನು ಓಕ್ ಮರಗಳ ಕುರುಚಲು ಕಾಡು ಮುಚ್ಚುತ್ತ ಬಂದಿದೆ. ಜನ ಪಟ್ಟಣ ಸೇರಿದರು, ಕುರಿಮೇಕೆ ಕಡಿಮೆಯಾಯಿತು, ಕಾಡು ಮರಳಿತು. ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ನಾಡಿನುದ್ದಕ್ಕೂ ನಡೆದ ಈ ಬದಲಾವಣೆಯನ್ನು ನಡುವಿನ ಗೆರೆಯನ್ನು ಅತ್ತಿತ್ತ ಎಳೆಯುತ್ತ ಕ್ಷಣಾರ್ಧದಲ್ಲಿ ಕಾಣಬಹುದು.

ಈಗಿನ ನಕ್ಷೆಯಲ್ಲಿ ಇನ್ನೊಂದು ಬಗೆಯ ಗುರುತನ್ನೂ ಹುಡುಕಿ ನೋಡಬೇಕು. ನಿಂತ ಚಪ್ಪಡಿಗಳ ಮೇಲೆ ಒಂದು ಚಪ್ಪಡಿ ಹೊದಿಸಿದ ಕಲ್ಲುಗೋರಿಗಳು, ನಮ್ಮ ಜನ ಪಾಂಡವರ ಗುಡಿ ಎನ್ನುವಂಥವು, ಈ ಪ್ರಸ್ಥಭೂಮಿಯಲ್ಲಿ ಅಲ್ಲಲ್ಲಿ ಹರಡಿಕೊಂಡಿವೆ. ಫ್ರಾನ್ಸಿನಲ್ಲಿ ಇವು ಅತಿ ಹೆಚ್ಚಾಗಿರುವ ಜಿಲ್ಲೆಗಳಲ್ಲಿ ಆರ್ದೆಶ್ ಒಂದು. ಐಜಿಎನ್ ನಕ್ಷೆ ಅವುಗಳಲ್ಲಿ ಎಷ್ಟನ್ನೋ ಬಿಡಿಬಿಡಿಯಾಗಿ ಗುರುತಿಸಿದೆ. ಕುರುಚಲಿನ ನಡುವೆ ನಿಂತಿರುವ ಒಂದು ಕಲ್ಲುಗೋರಿಗೂ ಸರ್ಕಾರಿ ನಕ್ಷೆಯಲ್ಲಿ ಹೆಸರಿದ್ದರೆ, ರಸ್ತೆ ಅಗಲ ಮಾಡುವವರೂ ಕಲ್ಲು ಒಡೆಯುವವರೂ ಒಮ್ಮೆ ತಡೆದು ಯೋಚಿಸಬೇಕಾಗುತ್ತದೆ.

ಕಮ್ಯೂನಿನ ಗಡಿಯ ಬಗ್ಗೆ ಒಂದು ಮಾತು. 1789ರ ಡಿಸೆಂಬರಿನ ಕಾನೂನಿನಿಂದ ಹುಟ್ಟಿದ ಕಮ್ಯೂನುಗಳು ಬಹುಮಟ್ಟಿಗೆ ಒಂದೊಂದು ಚರ್ಚಿಗೆ ಸೇರಿದ ಹಳೆಯ ಸೀಮೆಗಳ ಗಡಿಯನ್ನೇ ಉಳಿಸಿಕೊಂಡವು. ಇಂದಿಗೂ ಸುಮಾರು ಮೂವತ್ತೈದು ಸಾವಿರ ಕಮ್ಯೂನುಗಳಿದ್ದು, ಎಷ್ಟೇ ಚಿಕ್ಕದಾದರೂ ಪ್ರತಿಯೊಂದಕ್ಕೂ ತನ್ನದೇ ಮೇಯರ್, ತನ್ನದೇ ಸಭೆ. ನಮ್ಮಲ್ಲಿ ಹಲವು ಹಳ್ಳಿ ಸೇರಿ ಒಂದು ಗ್ರಾಮ ಪಂಚಾಯಿತಿ. ಅಲ್ಲಿ ಸಾವಿರ ಜನರ ಊರೇ ಒಂದು ಪೂರ್ಣ ಘಟಕ. ಗಡಿ ಇಷ್ಟು ಕಾಲ ಕದಲದೆ ನಿಂತಿರುವುದರಿಂದಲೇ ಹಳೆಯ ನಕ್ಷೆ, ಜನಗಣತಿ, ಜನನಮರಣ ದಾಖಲೆ, ಕಂದಾಯ ಪಟ್ಟಿ ಎಲ್ಲವನ್ನೂ ಒಂದೇ ಊರಿನ ಹೆಸರಿನಡಿ ಜೋಡಿಸಲು ಸಾಧ್ಯವಾಗಿದೆ. ಪ್ರಿವಾ ಪಟ್ಟಣದಲ್ಲಿರುವ ಆರ್ದೆಶ್ ಜಿಲ್ಲಾ ಪತ್ರಾಗಾರ ಹಳೆಯ ಚರ್ಚು ದಾಖಲೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ನಕ್ಷೆಯ ಜೊತೆಗೆ ಅದನ್ನೂ ಓದಿದರೆ ಊರಿನ ಬೀದಿಗೆ ಜನ ಬರುತ್ತಾರೆ.

ನಮ್ಮ ಸೇವೆಗಳನ್ನು ಇದರೊಂದಿಗೆ ಹೋಲಿಸಿ ನೋಡುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ನ್ಯಾಯವೇ, ಏಕೆಂದರೆ ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆಪ್ ಅನ್ನು ಹೊಲದಲ್ಲಿ ನಿಂತು ತೆರೆದರೆ ನಿಂತ ನೆಲದ ಸರ್ವೆ ನಂಬರು ತಕ್ಷಣ ಬರುತ್ತದೆ. ಐಜಿಎನ್ ನಕ್ಷೆಯೂ ಮೀರಿಸಲಾಗದ ಅನುಕೂಲ ಅದು. ಹಳ್ಳಿಯ ಗ್ರಾಮ ನಕಾಶೆಗಳು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಗುಂಡುತೋಪು, ಗೋಮಾಳ, ಬಂಡಿದಾರಿ, ಕೆರೆಯಂಗಳ, ಖರಾಬು ಎಲ್ಲವನ್ನೂ ತೋರಿಸುವ ಆ ನಕಾಶೆಗಳು ಊರಿನ ಚರಿತ್ರೆಗೆ ಗಣಿಗಳಿದ್ದಂತೆ. ಇಸ್ರೋದ ಭುವನ್ 2009ರಿಂದ ಉಪಗ್ರಹ ಚಿತ್ರಗಳನ್ನು ತೋರಿಸುತ್ತಿದೆ. ಸರ್ವೆ ಆಫ್ ಇಂಡಿಯಾ ಕೂಡ 2017ರಿಂದ ತನ್ನ ನಕ್ಷೆಗಳನ್ನು ಇಳಿಸಿಕೊಳ್ಳಲು ಬಿಟ್ಟಿದೆ. ಇಲ್ಲದಿರುವುದು ಕಾಲದ ಆಳ. ಗಂಜಾಂ 1800ರಲ್ಲಿ ಹೇಗಿತ್ತು, ವಿಶ್ವೇಶ್ವರಯ್ಯ ನಾಲೆ ಬರುವ ಮುನ್ನ ಮಂಡ್ಯದ ಬಯಲು ಹೇಗಿತ್ತು, ಕನ್ನಂಬಾಡಿ ಕಟ್ಟೆಯ ನೀರಿನಡಿ ಸೇರಿದ ಊರುಗಳ ಹೊಲದಾರಿಗಳು ಎಲ್ಲಿದ್ದವು ಎಂಬುದನ್ನು ಈಗಿನ ನಕ್ಷೆಯ ಮೇಲೆ ಹೊದಿಸಿ ತೋರಿಸುವ ಸಾರ್ವಜನಿಕ ಸೇವೆ ನಮ್ಮಲ್ಲಿಲ್ಲ. ಹಳೆಯ ಮೋಜಣಿಯ ಒಂದು ಪ್ರತಿಗಾಗಿ ಕಚೇರಿಯೊಂದರ ಬಾಗಿಲಿಗೆ ಅಲೆದು, ಕಡತ ಸಿಗುತ್ತಿಲ್ಲವೆಂಬ ಉತ್ತರ ಪಡೆದ ಮೇಲೆ ಈ ಕೊರತೆ ನನ್ನನ್ನು ಇನ್ನಷ್ಟು ನೋಯಿಸಿತು. ಫ್ರಾನ್ಸ್ 2021ರ ಜನವರಿಯಿಂದ ಐಜಿಎನ್ ದತ್ತಾಂಶದ ಬಹುಭಾಗವನ್ನು ಎಲ್ಲರಿಗೂ ಮುಕ್ತಗೊಳಿಸಿತು. ತೆರಿಗೆ ಹಣದಿಂದ ಅಳೆದ ನೆಲದ ಅಳತೆ ತೆರಿಗೆ ಕೊಟ್ಟವರಿಗೆ ಸೇರಬೇಕೆಂಬ ತತ್ವ ನಮಗೂ ಒಪ್ಪುವಂಥದೇ.

ಇನ್ನು ದೋಷಗಳು. ಸೇವೆಯ ಭಾಷೆ ಫ್ರೆಂಚ್. ಗುಂಡಿಗಳ ಹೆಸರು ಬ್ರೌಸರಿನ ಅನುವಾದದಿಂದ ಹೇಗೋ ಅರ್ಥವಾಗುತ್ತದೆ, ನಕ್ಷೆಯೊಳಗಿನ ಬರಹ ಚಿತ್ರದ ಭಾಗವಾದ್ದರಿಂದ ಅನುವಾದಕ್ಕೆ ಸಿಗುವುದಿಲ್ಲ. ಚಿಹ್ನೆಗಳ ವಿವರಣೆಯನ್ನು ಮೊದಲೇ ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ನೀರಿನ ತೊಟ್ಟಿ, ಪಾಳು ಮನೆ, ಶಿಲುಬೆಕಲ್ಲು ಇವುಗಳ ಗುರುತು ತಪ್ಪುತ್ತದೆ. ಕಸ್ಸಿನಿ ನಕ್ಷೆ ಈಗಿನ ನಕ್ಷೆಯ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ. ಕೆಲವೆಡೆ ನೂರಾರು ಮೀಟರ್ ಸರಿದಿರುತ್ತದೆ, ಆದ್ದರಿಂದ ಅದರ ಮೇಲೆ ಹಳೆಯ ದಾರಿಯೊಂದನ್ನು ಗುರುತಿಸಿ ಇಂದಿನ ದಾರಿಯೇ ಅದೆಂದು ಸಾಧಿಸುವುದು ಸಲ್ಲದು. ಹಳೆಯ ವಿಮಾನಚಿತ್ರಗಳನ್ನು ಹೊಲಿದು ಒಂದಾಗಿಸಿರುವ ಜಾಗಗಳಲ್ಲಿ ಬೆಳಕು ಥಟ್ಟನೆ ಬದಲಾಗುತ್ತದೆ. ಒಂದು ಹೊಲದ ಅರ್ಧ ಬಿಳಿಚಾಗಿ, ಇನ್ನರ್ಧ ಕಪ್ಪಾಗಿ ಕಂಡರೆ ಅದು ಬೆಳೆಯ ವ್ಯತ್ಯಾಸವಲ್ಲ. ಹೆಚ್ಚು ಹತ್ತಿರಕ್ಕೆ ಹೋದರೆ ಕೆಲವು ಪದರಗಳು ಮಾಯವಾಗಿ ಖಾಲಿ ಪರದೆ ಉಳಿಯುತ್ತದೆ, ಏಕೆಂದು ಅದು ಹೇಳುವುದಿಲ್ಲ. ಜಮೀನಿನ ತುಂಡುಗಳ ಗಡಿ ನೋಡಬೇಕಾದರೆ ಇದೇ ಸಂಸ್ಥೆಯ ಜೆಯೋಪೋರ್ತಾಯ್ ತಾಣಕ್ಕೆ ಹೋಗಬೇಕು. 2006ರಲ್ಲಿ ಆರಂಭವಾದ ಆ ತಾಣದ ಕೆಲಸವನ್ನು ಸರ್ಕಾರದ ಹೊಸ ನಕ್ಷೆ ತಾಣಕ್ಕೆ ವರ್ಗಾಯಿಸಲು ತೊಡಗಿದ್ದರಿಂದ ಹಳೆಯ ಕೊಂಡಿಗಳು ಆಗಾಗ ತಪ್ಪುದಾರಿಗೆ ಒಯ್ಯುತ್ತವೆ.

ಮೊಬೈಲಿನಲ್ಲಿ ಇದನ್ನು ನೋಡುವ ಶ್ರಮ ಬೇಡ. ನಡುವಿನ ಗೆರೆ ಬೆರಳಿಗೆ ಸಿಗುವುದಿಲ್ಲ, ನಕ್ಷೆ ಸರಿಯುತ್ತದೆ, ಎರಡು ಕಾಲಗಳನ್ನು ಹೋಲಿಸಲು ಪರದೆಯ ಅಗಲ ಸಾಲುವುದಿಲ್ಲ. ಲ್ಯಾಪ್‌ಟಾಪ್ ಇದ್ದು, ಬೆಳಗಿನ ಹೊತ್ತು ಇಂಟರ್ನೆಟ್ ವೇಗ ಚೆನ್ನಾಗಿರುವಾಗ ಕುಳಿತರೆ ಒಳ್ಳೆಯದು. ಮಕ್ಕಳಿಗೆ ಪಾಠ ಮಾಡುವವರು ಊರಿನ 1950ರ ದಶಕದ ಚಿತ್ರವನ್ನೂ ಇಂದಿನ ಚಿತ್ರವನ್ನೂ ಒಂದೇ ಅಳತೆಯಲ್ಲಿ ಇಳಿಸಿಕೊಂಡು ಎ3 ಕಾಗದದಲ್ಲಿ ಮುದ್ರಿಸಿಕೊಳ್ಳಿ. ಮುದ್ರಿಸುವ ಮುನ್ನ ಮೂಲೆಯಲ್ಲಿರುವ ಅಳತೆಪಟ್ಟಿಯನ್ನೂ ಚಿತ್ರ ತೆಗೆದ ವರ್ಷವನ್ನೂ ಹಾಳೆಯೊಳಗೆ ಬರುವಂತೆ ನೋಡಿಕೊಳ್ಳಿ. ಅವೆರಡೂ ಇಲ್ಲದ ಪ್ರತಿಯನ್ನು ಮುಂದೆ ಯಾವ ಬರವಣಿಗೆಯಲ್ಲೂ ಆಧಾರವಾಗಿ ಬಳಸಲಾಗುವುದಿಲ್ಲ.